ಸಾರ್ವಜನಿಕ ಶೌಚಾಲಯದಲ್ಲಿ ಸೊಂಟದ ರಿವಾಲ್ವರನ್ನು ನಿಭಾಯಿಸುವುದು ಹೇಗೆ?

ಮೂಡಿಗೆರೆಯ ಬೆಳೆಗಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯ ಸಣ್ಣ ಕಾಫಿ ಬೆಳೆಗಾರ. ತಂದೆಯವರಿಗೆ ಎಪ್ಪತ್ತು ದಾಟಿದ ಮೇಲೆ ಅವರ ಹೆಸರಿನಲ್ಲಿದ್ದ .32 ರಿವಾಲ್ವರ್ ವಾರಸುದಾರನೆಂಬ ನೆಲೆಯಲ್ಲಿ ನನ್ನ ಪರವಾನಗಿಗೆ ವರ್ಗವಾಯಿತು. ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿಯೂ ಇರುವುದರಿಂದ ಆಯುಧ ನನಗೆ ಹೊಸದಲ್ಲ. ಆದರೆ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ತೋಟ ಸುತ್ತುವುದಕ್ಕೂ, ಪೇಟೆಯ ಜನರ ನಡುವೆ ಯಾರ ಕಣ್ಣಿಗೂ ಬೀಳದಂತೆ ರಿವಾಲ್ವರನ್ನು ಸೊಂಟದಲ್ಲಿಟ್ಟುಕೊಂಡು ಓಡಾಡುವುದಕ್ಕೂ ಎಷ್ಟು ಅಂತರವಿದೆ ಎಂಬುದು ಈಚೆಗಷ್ಟೇ ಅರಿವಾಯಿತು.

ಹಣ್ಣು ಕೊಯ್ಲಿನ ದಿನಗಳಲ್ಲಿ ಬಟವಾಡೆಗೆ ನಗದು ಹೊಂದಿಸಲು ನಾನು ಹಾಸನಕ್ಕೆ ಹೋಗಿ ಬರುವುದುಂಟು. ಮೆಣಸು ಮಾರಿದ ಹಣವೂ ಸೇರಿ ಕೈಯಲ್ಲಿ ದೊಡ್ಡ ಮೊತ್ತವಿರುತ್ತದೆ. ಬೇಲೂರು ದಾಟಿದ ಮೇಲೆ ಕತ್ತಲಾಗುತ್ತದೆ. ಆ ಒಂದೆರಡು ದಿನ ಮಾತ್ರ ರಿವಾಲ್ವರ್ ನನ್ನ ಜೊತೆಗಿರುತ್ತದೆ. ಕಳೆದ ಕೊಯ್ಲಿನಲ್ಲಿ ಹಾಗೆ ಹೋಗಿದ್ದಾಗ ಹಾಸನದ ಒಂದು ಸಾರ್ವಜನಿಕ ಶೌಚಾಲಯಕ್ಕೆ ಹೋಗಬೇಕಾಯಿತು. ಒಳಗೆ ಒಂದು ಕೊಕ್ಕೆಯಾಗಲಿ ಹಲಗೆಯಾಗಲಿ ಇರಲಿಲ್ಲ, ನೆಲವೆಲ್ಲ ನೀರು, ಬಾಗಿಲಿನ ಚಿಲಕವೂ ಸಡಿಲ. ಬೆಲ್ಟ್ ಬಿಚ್ಚಿದೊಡನೆ ರಿವಾಲ್ವರಿನ ಭಾರಕ್ಕೆ ಹೋಲ್‌ಸ್ಟರ್ (ರಿವಾಲ್ವರ್ ಇಡುವ ಚರ್ಮದ ಕವಚ) ಮಗುಚಿಕೊಳ್ಳತೊಡಗಿತು. ಬೇರೇನೂ ತೋಚದೆ ಅದನ್ನು ಹೋಲ್‌ಸ್ಟರ್ ಸಮೇತ ತೆಗೆದು ಮೇಲಿನ ಗವಾಕ್ಷಿಯ ಕಟ್ಟೆಯ ಮೇಲಿಟ್ಟೆ. ಹಣದ ಚೀಲವನ್ನು ಮಾತ್ರ ಕೊರಳಿನಿಂದ ತೆಗೆಯಲಿಲ್ಲ. ನನ್ನ ಗಮನವೆಲ್ಲ ಆ ಚೀಲದ ಮೇಲೆಯೇ ಇತ್ತೆಂದು ಕಾಣುತ್ತದೆ. ಹೊರಬಂದು ನಲ್ಲಿಯ ಬಳಿ ಕೈ ತೊಳೆಯುತ್ತಿರುವಾಗ ಬಲಸೊಂಟ ಹಗುರವಾಗಿದೆ ಅನ್ನಿಸಿತು. ತಿರುಗಿ ನೋಡಿದರೆ ಹೆಗಲ ಮೇಲೆ ಮಗುವನ್ನು ಹೊತ್ತ ಒಬ್ಬರು ಅದೇ ಬಾಗಿಲನ್ನು ತಳ್ಳುತ್ತಿದ್ದರು. ಏನೋ ಮರೆತಿದ್ದೇನೆ ಎಂದು ಅವರನ್ನು ತಡೆದು ಒಳಗೆ ಹೋಗಿ ತೆಗೆದುಕೊಂಡೆ. ಅವರಿಗೆ ಏನೂ ತಿಳಿಯಲಿಲ್ಲ. ಆದರೆ ಆ ಮಗುವಿನ ಕೈಗೆ ಎಟುಕುವಷ್ಟೇ ಎತ್ತರದಲ್ಲಿತ್ತು ಆ ಕಟ್ಟೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೀಗಾಗಿ ಅನುಭವಿಗಳನ್ನು ಕೇಳುತ್ತಿದ್ದೇನೆ. ಇಂತಹ ಜಾಗದಲ್ಲಿ ಆಯುಧವನ್ನು ಎಲ್ಲಿಡಬೇಕು? ಕಾರಿನಲ್ಲಿ ಬಿಟ್ಟುಹೋಗುವುದು ಅಥವಾ ಹತ್ತು ವರ್ಷದಿಂದ ಜೊತೆಗಿರುವ ಡ್ರೈವರ್ ಕೈಗೆ ಕೊಟ್ಟು ಹೋಗುವುದು ಸರಿಯೇ? ನಮ್ಮ ಕಡೆ ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯಗಳೇ ಹೆಚ್ಚು ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಹಾಸನ:

ನಡೆದುದನ್ನು ಮುಚ್ಚಿಡದೆ ಬರೆದಿದ್ದೀರಿ. ಈ ತಪ್ಪು ನಿಮ್ಮೊಬ್ಬರದಲ್ಲ. 2015ರಲ್ಲಿ ಅಮೆರಿಕದ ಸಂಸತ್ ಭವನದ ಪೊಲೀಸರೇ ಕೆಲವೇ ತಿಂಗಳ ಅಂತರದಲ್ಲಿ ತಮ್ಮ ಪಿಸ್ತೂಲುಗಳನ್ನು ಶೌಚಾಲಯಗಳಲ್ಲಿ ಮರೆತುಹೋಗಿದ್ದರು. ಅವುಗಳಲ್ಲಿ ಒಂದು, ತಂದೆತಾಯಿಯ ಜೊತೆ ಭವನ ನೋಡಲು ಬಂದಿದ್ದ ಏಳೆಂಟು ವರ್ಷದ ಮಗುವಿನ ಕಣ್ಣಿಗೆ ಬಿದ್ದಿತ್ತು. 2018ರಲ್ಲಿ ಫ್ಲಾರಿಡಾದ ಸಮುದ್ರತೀರದ ಶೌಚಾಲಯವೊಂದರಲ್ಲಿ ಶಿಕ್ಷಕರೊಬ್ಬರು ಮರೆತುಬಂದ ಪಿಸ್ತೂಲನ್ನು ಕುಡಿದಿದ್ದ ವ್ಯಕ್ತಿಯೊಬ್ಬ ಎತ್ತಿಕೊಂಡು ಹಾರಿಸಿಯೇಬಿಟ್ಟ; ಅದೃಷ್ಟವಶಾತ್ ಗುಂಡು ಗೋಡೆಗೆ ಬಡಿಯಿತು. ತರಬೇತಿ ಪಡೆದವರೂ ಹೀಗೆ ಮರೆಯುತ್ತಾರೆಂದರೆ, ನೆನಪಿನ ಶಕ್ತಿಯನ್ನು ನಂಬಿಕೊಂಡು ಆಯುಧವನ್ನು ಮೈಯಿಂದ ಬೇರೆ ಮಾಡುವುದೇ ಮೂಲದ ತಪ್ಪು.

ಆದ್ದರಿಂದ ನನ್ನ ಉತ್ತರ ಇಷ್ಟು: ಶೌಚಾಲಯದೊಳಗೆ ಆಯುಧವನ್ನು ಇಡುವ ಜಾಗ ಎಂಬುದೇ ಇಲ್ಲ. ಗವಾಕ್ಷಿ, ಫ್ಲಶ್ ತೊಟ್ಟಿಯ ಮುಚ್ಚಳ, ಬಾಗಿಲ ಹಿಂದಿನ ಮೊಳೆ, ಮಗುಚಿಟ್ಟ ಬಕೆಟ್ಟು, ಇವು ಯಾವುವೂ ಬೇಡ. ಬಾಗಿಲ ಕೊಕ್ಕೆಗೆ ಬೆಲ್ಟ್ ಸಮೇತ ನೇತುಹಾಕುವವರಿದ್ದಾರೆ. ತುಕ್ಕು ಹಿಡಿದ ಮೊಳೆ ಮುಕ್ಕಾಲು ಕಿಲೋ ಭಾರಕ್ಕೆ ಕಿತ್ತುಬರುವುದನ್ನೂ, ಬಾಗಿಲ ಮೇಲಿನ ಸಂದಿನಿಂದ ಕೈ ಇಳಿಯುವುದನ್ನೂ ಅವರು ಯೋಚಿಸಿರುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ರಿವಾಲ್ವರನ್ನು ಹೋಲ್‌ಸ್ಟರಿನಿಂದ ಹೊರಗೆ ಎಳೆಯಲೇ ಬೇಡಿ. ಆಯುಧ ತಾನಾಗಿ ಹಾರುವುದು ಅಪರೂಪ. ಅವಸರದಲ್ಲಿ ಎಳೆಯುವಾಗ, ಮತ್ತೆ ಒಳಗೆ ತುರುಕುವಾಗ ಬೆರಳೋ ಅಂಗಿಯ ಅಂಚೋ ಟ್ರಿಗರಿಗೆ ಸಿಕ್ಕಿ ಹಾರುವುದೇ ಹೆಚ್ಚು. 2014ರಲ್ಲಿ ಅಮೆರಿಕದ ಯೂಟಾ ರಾಜ್ಯದ ಶಾಲೆಯೊಂದರಲ್ಲಿ, ಸಿಬ್ಬಂದಿಯ ಶೌಚಾಲಯಕ್ಕೆ ಹೋಗಿದ್ದ ಶಿಕ್ಷಕಿಯ ಬಳಿಯಿದ್ದ ಪಿಸ್ತೂಲು ಆಕಸ್ಮಿಕವಾಗಿ ಹಾರಿ, ಗುಂಡು ಕಮೋಡಿಗೆ ಬಡಿದು, ಚೂರುಗಳು ಅವರ ಕಾಲಿಗೆ ನಾಟಿದ್ದವು. ಇಕ್ಕಟ್ಟಾದ ಆ ಕೋಣೆಯಲ್ಲಿ ಸುತ್ತಲೂ ಇರುವುದು ಟೈಲ್ಸು ಮತ್ತು ಪಿಂಗಾಣಿ. ಪಕ್ಕದ ಕೋಣೆಯಲ್ಲಿ ಮತ್ತೊಬ್ಬರಿರುತ್ತಾರೆ.

ಕುಕ್ಕರಗಾಲಿನ ಶೌಚಾಲಯಕ್ಕೆ ನಾನು ಸೇವೆಯಲ್ಲಿದ್ದಾಗಿನಿಂದ ಪಾಲಿಸಿದ ಕ್ರಮವನ್ನು ಹೇಳುತ್ತೇನೆ. ಒಳಗೆ ಹೋಗಿ ಚಿಲಕ ನೋಡಿ, ಬೆಲ್ಟ್ ಬಿಚ್ಚುವ ಮೊದಲು ಹೋಲ್‌ಸ್ಟರಿನ ಗುಂಡಿಪಟ್ಟಿ ಬಿಗಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಮುಟ್ಟಿ ನೋಡಬೇಕು. ನಂತರ ಬಲಗೈ ಅಂಗಿಯ ಮೇಲಿನಿಂದಲೇ ಹೋಲ್‌ಸ್ಟರನ್ನು ಒತ್ತಿ ಹಿಡಿದಿರಬೇಕು. ಎಡಗೈಯಿಂದ ಬಕಲ್ ಬಿಚ್ಚಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಾತ್ರ ಇಳಿಸಿ, ಅಲ್ಲಿಯೇ ಬಕಲನ್ನು ಮತ್ತೆ ಹಾಕಿಬಿಡಬೇಕು. ಬೆಲ್ಟ್ ಮೊಣಕಾಲಿನ ಸುತ್ತ ಬಿಗಿಯಾಗಿ ನಿಂತರೆ ಹೋಲ್‌ಸ್ಟರ್ ಮಗುಚುವುದಿಲ್ಲ, ನೆಲಕ್ಕೂ ತಾಗುವುದಿಲ್ಲ. ಅದು ಕಣ್ಣೆದುರಿಗೇ ಇರುವುದರಿಂದ ಮರೆಯುವ ಪ್ರಶ್ನೆಯೇ ಇಲ್ಲ. ಪ್ಯಾಂಟಿನ ಬಟ್ಟೆಯನ್ನು ಅದರ ಮೇಲೆ ಮಡಚಿಕೊಂಡರೆ ನೀರೂ ಸಿಡಿಯುವುದಿಲ್ಲ. ಏಳುವಾಗ ಇದೇ ಕ್ರಮ ಹಿಂದುಮುಂದಾಗಿ ನಡೆಯಬೇಕು. ಬಕಲ್ ಹಾಕಿ, ಅಂಗಿಯನ್ನು ಇಳಿಬಿಟ್ಟು, ಮುಂಗೈಯಿಂದ ಸೊಂಟವನ್ನು ಸವರಿ ನೋಡಿದ ಮೇಲೆಯೇ ಚಿಲಕಕ್ಕೆ ಕೈ ಹಾಕಬೇಕು.

ನಿಮ್ಮ ರಿವಾಲ್ವರಿನ ಹಿಡಿಯ ಬುಡದಲ್ಲಿ ಉಂಗುರವಿದೆಯೇ ನೋಡಿ. ಇದ್ದರೆ ಅದಕ್ಕೊಂದು ಗಟ್ಟಿ ಹುರಿ ಕಟ್ಟಿ, ಇನ್ನೊಂದು ತುದಿಯನ್ನು ಅಂಗಿಯ ಒಳಗಿನಿಂದ ಬೆಲ್ಟಿಗೆ ಬಿಗಿಯಬಹುದು. ಪೊಲೀಸರು ಲ್ಯಾನ್‌ಯಾರ್ಡ್ ಎಂದು ಕರೆಯುವ ಹುರಿ ಇದೇ. ಹುರಿ ಇದ್ದಿದ್ದರೆ ನೀವು ಅಂದು ಆ ಬಾಗಿಲನ್ನು ದಾಟುತ್ತಿರಲಿಲ್ಲ.

ಇಷ್ಟರ ಮೇಲೂ ಎಂದಾದರೂ ಕೈಜಾರಿ ಬಿದ್ದರೆ, ಬೀಳುತ್ತಿರುವ ಆಯುಧವನ್ನು ಹಿಡಿಯಲು ಹೋಗಬೇಡಿ. ಬೀಳುವ ಲೋಟವನ್ನು ಹಿಡಿಯುವಂತೆ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಆಗ ಬೆರಳು ಹೋಗಿ ಸೇರುವುದು ಟ್ರಿಗರಿನ ಮೇಲೆ. ಬೀಳಲು ಬಿಟ್ಟು ಆಮೇಲೆ ಎತ್ತಿಕೊಳ್ಳಿ. ತಂದೆಯವರ ಕಾಲದ್ದೆಂದು ಹೇಳಿದ್ದೀರಿ. ಹಳೆಯ ಕೆಲವು ರಿವಾಲ್ವರುಗಳಲ್ಲಿ ಕುದುರೆಯ, ಅಂದರೆ ತೋಟಾಕ್ಕೆ ಹೊಡೆಯುವ ಹಿಂಬದಿಯ ಸುತ್ತಿಗೆಯ, ಮೇಲೆ ಪೆಟ್ಟು ಬಿದ್ದರೆ ತೋಟಾ ಸಿಡಿಯುವ ಅಪಾಯವಿದೆ. ಪರವಾನಗಿ ಪಡೆದ ಆಯುಧ ರಿಪೇರಿಯವರಲ್ಲಿ ತೋರಿಸುವವರೆಗೆ, ಕುದುರೆಯ ಕೆಳಗೆ ಬರುವ ತೋಟಾದ ಮನೆಯನ್ನು ಖಾಲಿ ಬಿಟ್ಟು ಐದೇ ತೋಟಾ ತುಂಬಿ.

ಡ್ರೈವರ್ ವಿಷಯ: ಖಂಡಿತ ಬೇಡ. ಅವರು ಎಷ್ಟೇ ನಂಬಿಕಸ್ಥರಾಗಿರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದವರ ಕೈಯಲ್ಲಿ ಬಂದೂಕು ಇರುವುದೇ ಅಪರಾಧ. ಐದು ನಿಮಿಷವಾದರೂ ಅಷ್ಟೇ. ನಿಮ್ಮ ಪರವಾನಗಿಯಲ್ಲಿ ಅವರ ಹೆಸರನ್ನು ಸಹಾಯಕರೆಂದು ನಮೂದಿಸಿದ್ದರೆ ಮಾತು ಬೇರೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ಕೈಬಂದೂಕು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು ಎನ್ನುತ್ತವೆ 2016ರ ಶಸ್ತ್ರಾಸ್ತ್ರ ನಿಯಮಗಳು. ಅಂದರೆ ಅದು ಹೊರಗೆ ಕಾಣದಂತಿರಬೇಕಾದುದು ನಿಮ್ಮ ಸಂಕೋಚದ ವಿಷಯ ಮಾತ್ರವಲ್ಲ, ಕಾನೂನೂ ಅದನ್ನೇ ಹೇಳುತ್ತದೆ. ಅಂಗಿ ಎತ್ತಿ ಹಿಡಿ ತೋರಿಸಿಕೊಂಡು ನಿಲ್ಲುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಪರವಾನಗಿ ಇರಲೇಬಾರದು ಎಂಬುದು ನನ್ನ ಅಭಿಪ್ರಾಯ.

ಆಲ್ದೂರಿನ ತೋಟದೊಡತಿ:

ಹಿರಿಯರು ಹೇಳಿದ್ದರಲ್ಲಿ ಹೆಂಗಸರ ಪಾಡು ಬಂದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಯಜಮಾನರು ತೀರಿಕೊಂಡ ಮೇಲೆ ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಚಿಕ್ಕಮಗಳೂರಿನಿಂದ ಬಟವಾಡೆಯ ಹಣ ತರುವ ದಿನ ನನ್ನ ಪರವಾನಗಿಯ ಚಿಕ್ಕ ರಿವಾಲ್ವರ್ ಜೊತೆಗಿರುತ್ತದೆ. ಸೀರೆಗೆ ಬೆಲ್ಟ್ ಇಲ್ಲ, ಹಾಗಾಗಿ ಸೊಂಟದ ಹೋಲ್‌ಸ್ಟರೂ ಇಲ್ಲ. 2014ರಲ್ಲಿ ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆಯವರು ಹೆಂಗಸರಿಗೆಂದೇ ಸುಮಾರು ಅರ್ಧ ಕಿಲೋ ತೂಕದ ನಿರ್ಭೀಕ್ ರಿವಾಲ್ವರನ್ನು ಹೊರತಂದರು. ಅದನ್ನು ಸೀರೆಯಲ್ಲೋ ಚೂಡಿದಾರದಲ್ಲೋ ಎಲ್ಲಿ ಕಟ್ಟಿಕೊಳ್ಳಬೇಕೆಂಬುದನ್ನು ಮಾತ್ರ ನಮ್ಮ ನಮ್ಮ ಬುದ್ಧಿಗೇ ಬಿಟ್ಟರು.

ಕೈಚೀಲ ಎಲ್ಲಕ್ಕಿಂತ ಅಪಾಯ. ಕೈಚೀಲವನ್ನು ಎಲ್ಲಾದರೂ ಇಡಲೇಬೇಕಾಗುತ್ತದೆ, ಮೊಮ್ಮಗ ಚಾಕಲೇಟಿಗೆಂದು ಅದಕ್ಕೇ ಕೈ ಹಾಕುತ್ತಾನೆ, ಕಳ್ಳ ಎಳೆದೊಯ್ಯುವುದೂ ಅದನ್ನೇ. ನಾನು ಚಿಕ್ಕಮಗಳೂರಿನ ಚೀಲ ಹೊಲಿಯುವವರ ಬಳಿ ದಪ್ಪ ಕ್ಯಾನ್ವಾಸಿನ ಅಡ್ಡಚೀಲವೊಂದನ್ನು ಹೊಲಿಸಿಕೊಂಡೆ. ಅದರಲ್ಲಿ ರಿವಾಲ್ವರಿಗೇ ಪ್ರತ್ಯೇಕವಾದ ಅರೆ ಇದೆ, ಅದಕ್ಕೆ ಬೇರೆಯೇ ಜಿಪ್ಪಿದೆ, ಒಳಗೆ ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಚರ್ಮದ ಕವಚವನ್ನು ಚೀಲಕ್ಕೇ ಹೊಲಿದುಬಿಟ್ಟಿದ್ದಾರೆ. ಆ ಅರೆಯಲ್ಲಿ ಬೀಗದ ಕೈ, ಪೆನ್ನು, ಚಿಲ್ಲರೆ ಯಾವುದನ್ನೂ ಹಾಕುವುದಿಲ್ಲ, ಏಕೆಂದರೆ ಪೆನ್ನೊಂದು ಟ್ರಿಗರಿನ ಸಂದಿಗೆ ಹೊಕ್ಕರೆ ಸಾಕು. ಚೀಲ ಕೊರಳಿನಿಂದ ಅಡ್ಡಲಾಗಿ ಎದೆಯ ಮೇಲೆ ಬರುತ್ತದೆ. ಶೌಚಾಲಯದಲ್ಲಿ ಪಟ್ಟಿಯನ್ನು ಗಿಡ್ಡ ಮಾಡಿಕೊಂಡು ಎದೆಗೆ ಏರಿಸಿಕೊಳ್ಳುತ್ತೇನೆ. ಸೀರೆ ಸರಿಪಡಿಸಿಕೊಳ್ಳಲು ಎರಡು ಕೈಯೂ ಬಿಡುವಾಗಿರುತ್ತದೆ, ಚೀಲ ಮೈಬಿಟ್ಟು ಹೋಗುವುದಿಲ್ಲ. ಶುಲ್ಕದ ಚಿಲ್ಲರೆಯನ್ನು ಬೇರೊಂದು ಸಣ್ಣ ಪರ್ಸಿನಲ್ಲಿಟ್ಟು ಕೈಯಲ್ಲೇ ಹಿಡಿದಿರುತ್ತೇನೆ. ಬಾಗಿಲಲ್ಲಿ ಕುಳಿತವರ ಮುಂದೆ ನಿಂತು ಅದೇ ಚೀಲವನ್ನು ತೆರೆದು ತಡಕಾಡಬೇಕಾದ ಪ್ರಸಂಗ ಬರಬಾರದು.

ಚಿಲಕ ಸರಿಯಿಲ್ಲದ ಬಾಗಿಲಿನ ಬಗ್ಗೆ ಒಂದು ಮಾತು. ಒಂದು ಕೈಯಿಂದ ಬಾಗಿಲನ್ನು ಹಿಡಿದುಕೊಂಡೇ ಕೂರಬೇಕಾದ ಜಾಗಕ್ಕೆ ನಾನು ಆಯುಧದೊಂದಿಗೆ ಹೋಗುವುದೇ ಇಲ್ಲ. ತೋಟದ ಲೆಕ್ಕ ನೋಡಿಕೊಳ್ಳುವ ರೈಟರ್ ಹೆಂಡತಿಯನ್ನೋ ಮಗಳನ್ನೋ ಜೊತೆಗೆ ಕರೆದೊಯ್ದು ಬಾಗಿಲ ಬಳಿ ನಿಲ್ಲಿಸುತ್ತೇನೆ. ಇಲ್ಲವಾದರೆ ಪರಿಚಯದ ಹೋಟೆಲಿಗೋ ನೆಂಟರ ಮನೆಗೋ ಹೋಗುತ್ತೇನೆ. ಆ ದಿನ ಮನೆಯಿಂದ ಹೊರಡುವ ಮೊದಲು ಕಾಫಿ ಒಂದೇ ಲೋಟ.

ಸಕಲೇಶಪುರದಿಂದ ಒಬ್ಬ ಓದುಗ:

ನನ್ನ ಅಭಿಪ್ರಾಯ ಬೇರೆ, ದಯವಿಟ್ಟು ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಜಾಗ್ರತೆ ಬೇಕಾಗುವ ವಸ್ತುವನ್ನು ಒಯ್ಯುವ ಅಗತ್ಯವನ್ನೇ ಕಡಿಮೆ ಮಾಡಬಾರದೇಕೆ? ನಮ್ಮ ತೋಟದಲ್ಲಿ ಬಟವಾಡೆಯ ಮುಕ್ಕಾಲು ಭಾಗ ಈಗ ಕೆಲಸಗಾರರ ಖಾತೆಗೇ ಹೋಗುತ್ತದೆ. ಉಳಿದವರಿಗೆ ವಾರದಲ್ಲಿ ಎರಡು ಸಲ ಸ್ವಲ್ಪ ಸ್ವಲ್ಪವೇ ನಗದು ತರುತ್ತೇವೆ. ಆನೆಯ ಭಯಕ್ಕೆಂದು ಸೊಂಟಕ್ಕೆ ರಿವಾಲ್ವರ್ ಕಟ್ಟುವವರೂ ನಮ್ಮ ಕಡೆ ಇದ್ದಾರೆ. ಆನೆಯ ಎದುರು .32 ಏನೂ ಅಲ್ಲ. ನೋವಾದ ಆನೆ ಇನ್ನಷ್ಟು ಕೆರಳುತ್ತದೆ.

ಪರವಾನಗಿಯ ಷರತ್ತುಗಳನ್ನೂ ಒಮ್ಮೆ ಓದಿ. ಜಾತ್ರೆ, ಮೆರವಣಿಗೆ, ಜನ ಸೇರುವ ಸಭೆಗಳಿಗೆ ವಿಶೇಷ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಪೇಟೆಗೆ ಹೋದವರು, ಬಂದಿದ್ದೇವಲ್ಲ ಎಂದು ದರ್ಶನದ ಸಾಲಿನಲ್ಲಿ ನಿಂತರೆ ಅದೇ ತಪ್ಪಾಗುತ್ತದೆ. ಚುನಾವಣೆ ಘೋಷಣೆಯಾದಾಗ ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬಂದರೆ ಅಷ್ಟು ದಿನ ಆಯುಧವಿಲ್ಲದೆಯೇ ಬಟವಾಡೆ ನಡೆಸುತ್ತೇವಲ್ಲವೇ? ಹಾಗಾದರೆ ಉಳಿದ ದಿನಗಳಲ್ಲೂ ನಡೆಸಬಹುದು.

ನಿವೃತ್ತ ಸಬ್ ಇನ್‌ಸ್ಪೆಕ್ಟರ್, ಹಾಸನ:

ಈ ಮಾತಿಗೆ ನನ್ನ ವಿರೋಧವಿಲ್ಲ. ಒಯ್ಯದ ಆಯುಧ ಶೌಚಾಲಯದಲ್ಲಿ ಮರೆತುಹೋಗುವುದಿಲ್ಲ. ಆದರೆ ಒಯ್ಯಲೇಬೇಕಾದ ಸಂದರ್ಭ ಇದೆ ಎಂದು ಜಿಲ್ಲಾಡಳಿತ ಒಪ್ಪಿ ಪರವಾನಗಿ ಕೊಟ್ಟವರಿಗೆ ಸರಿಯಾದ ಕ್ರಮವೂ ತಿಳಿದಿರಬೇಕು. ಒಂದು ವೇಳೆ ಮರೆತು ಬಂದ ಜಾಗಕ್ಕೆ ಮರಳಿದಾಗ ಆಯುಧ ಅಲ್ಲಿಲ್ಲದಿದ್ದರೆ, ತಾವೇ ಹುಡುಕುತ್ತಾ ಗಂಟೆಗಟ್ಟಲೆ ಕಳೆಯದೆ ತಕ್ಷಣ ಹತ್ತಿರದ ಠಾಣೆಗೆ ಹೋಗಿ, ಆಯುಧದ ಸಂಖ್ಯೆ ಸಮೇತ ಬರೆದುಕೊಡಬೇಕು. ಮಾನಕ್ಕೆ ಅಂಜಿ ಎರಡು ದಿನ ಸುಮ್ಮನಿದ್ದವರ ಕಥೆ ಚೆನ್ನಾಗಿ ಮುಗಿದದ್ದನ್ನು ನಾನು ನೋಡಿಲ್ಲ.

ಮೂಡಿಗೆರೆಯ ಬೆಳೆಗಾರ:

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಕಲೇಶಪುರದವರ ಮಾತಿನಂತೆ ಖಾಯಂ ಕೆಲಸಗಾರರ ಕೂಲಿಯನ್ನು ಮುಂದಿನ ತಿಂಗಳಿನಿಂದ ಖಾತೆಗೇ ಹಾಕಲು ರೈಟರಿಗೆ ಹೇಳಿದ್ದೇನೆ. ಕೊಯ್ಲಿಗೆ ಹೊರಗಿನಿಂದ ಬರುವವರು ಮಾತ್ರ ನಗದನ್ನೇ ಕೇಳುವುದರಿಂದ ವರ್ಷಕ್ಕೆ ಏಳೆಂಟು ದಿನ ಒಯ್ಯುವುದು ತಪ್ಪುವುದಿಲ್ಲ.

ನಿನ್ನೆ ತೋಟಾಗಳನ್ನೆಲ್ಲ ತೆಗೆದು ಬೇರೆ ಕೋಣೆಯಲ್ಲಿಟ್ಟು, ಎರಡು ಬಾರಿ ಖಾಲಿಯೆಂದು ನೋಡಿ, ನಮ್ಮ ಹಳೆಯ ಹಿತ್ತಲ ಶೌಚಾಲಯದಲ್ಲಿ ಹಿರಿಯರು ಹೇಳಿದ ಕ್ರಮವನ್ನು ಹತ್ತಾರು ಬಾರಿ ಅಭ್ಯಾಸ ಮಾಡಿದೆ. ಮೊದಲ ಎರಡು ಸಲ ಬಕಲ್ ಹಾಕುವಷ್ಟರಲ್ಲಿ ಹೋಲ್‌ಸ್ಟರ್ ಮಗುಚಿತು. ನನ್ನ ಬೆಲ್ಟ್ ತೆಳುವಾಗಿರುವುದೇ ಕಾರಣವೆಂದು ಕಂಡುಬಂತು. ತಂದೆಯವರ ಅಗಲವಾದ ದಪ್ಪ ಚರ್ಮದ ಬೆಲ್ಟಿಗೆ ಏರಿಸಿದ ಮೇಲೆ ಅದು ಅಲುಗಲಿಲ್ಲ. ಆದರೆ ಮೊಣಕಾಲಿನ ಬಳಿ ಬಿಗಿಯಲು ಈಗಿರುವ ತೂತುಗಳು ಸಾಲವು. ಕೈ ತೊಳೆಯಲು ಬಗ್ಗಿದಾಗ ಅಂಗಿಯ ಮೇಲೆ ಹಿಡಿಯ ಆಕಾರ ಮೂಡುವುದನ್ನು ಮನೆಯವಳು ತೋರಿಸಿಕೊಟ್ಟಳು. ಸೊಂಟ ಬಗ್ಗಿಸದೆ ಮೊಣಕಾಲು ಸ್ವಲ್ಪ ಮಡಚಿ ತೊಳೆದರೆ ಕಾಣುವುದಿಲ್ಲ.

ಹಿಡಿಯ ಬುಡದಲ್ಲಿ ಉಂಗುರ ಇದೆ. ಒಂದು ಸಂದೇಹ ಮಾತ್ರ ಉಳಿದಿದೆ: ಮಳೆಗಾಲದಲ್ಲಿ ಚರ್ಮದ ಹೋಲ್‌ಸ್ಟರ್ ಒದ್ದೆಯಾದರೆ ಏನು ಮಾಡಬೇಕು?

ಆಲ್ದೂರಿನ ತೋಟದೊಡತಿ:

ಒದ್ದೆಯಾದ ಚರ್ಮದೊಳಗೆ ಆಯುಧವನ್ನು ರಾತ್ರಿಯಿಡೀ ಬಿಡಬೇಡಿ. ನಮ್ಮ ಮಲೆನಾಡಿನ ಮಳೆಯಲ್ಲಿ ಬೆಳಗಾಗುವಷ್ಟರಲ್ಲಿ ತುಕ್ಕಿನ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಮನೆಗೆ ಬಂದೊಡನೆ ತೋಟಾ ತೆಗೆದು, ಒಣಬಟ್ಟೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರಿ ಬೀರುವಿನಲ್ಲಿ ಬೀಗ ಹಾಕಿಡಿ. ಹೋಲ್‌ಸ್ಟರನ್ನು ಒಲೆಯ ಹತ್ತಿರ ಒಣಗಿಸಿದರೆ ಸೆಟೆದು, ಗುಂಡಿಪಟ್ಟಿ ಕೂರುವುದೇ ಇಲ್ಲ; ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ನೇತುಹಾಕಿ. ಬೆಲ್ಟಿಗೆ ಹೊಸ ತೂತುಗಳನ್ನು ಚಪ್ಪಲಿ ಹೊಲಿಯುವವರ ಬಳಿಯೇ ಹಾಕಿಸಿ. ಮನೆಯಲ್ಲಿ ಮೊಳೆಯಿಂದ ಚುಚ್ಚಿದ ತೂತು ಭಾರಕ್ಕೆ ಹರಿದುಹೋಗುತ್ತದೆ.